ಮುಂದಿನ ಶಾಫ್ಟ್ ಎಲ್ಲಿ ಹೋಯ್ತು ಮಾರಾಯ್ರೆ?

ನಿನ್ನೆ ನಾಪೋಕ್ಲು ಕಡೆ ಒಂದು ಮನೆ ಒಕ್ಕಲಿಗೆ ಹೋಗಿದ್ದೆ. ನ್ಯಾಯವಾಗಿ ಊಟದ ಬಗ್ಗೆ ಬರೆಯಬೇಕಿತ್ತು, ಪಂದಿಕರಿ ಆ ಮಟ್ಟಕ್ಕಿತ್ತು. ಆದರೆ ತಲೆ ಇನ್ನೂ ಬಿಸಿ ಇದೆ, ಹಾಗಾಗಿ ಮತ್ತೆ ಜೀಪಿನ ವಿಷಯವೇ. ಬೇಸರ ಆಗುವವರು ಈಗಲೇ ಮುಂದೆ ಹೋಗಿ, ನಾನೇನೂ ಅಂದುಕೊಳ್ಳಲ್ಲ.

ಗಾಡಿ ನಿಲ್ಲಿಸಲು ಮನೆ ಕೆಳಗಿನ ಗದ್ದೆಯನ್ನು ಬಿಟ್ಟುಕೊಟ್ಟಿದ್ದರು. ಮಧ್ಯಾಹ್ನ ಒಂದು ಮಳೆ ಹೊಡೆಯಿತು ನೋಡಿ, ಗದ್ದೆ ಗದ್ದೆಯೇ ಆಯ್ತು. ಕಾರಿನವರೆಲ್ಲ ಪಂಚೆ ಎತ್ತಿಕಟ್ಟಿ ತಳ್ಳುವ ಕೆಲಸಕ್ಕೆ ಇಳಿದರು. ಅವರ ನಡುವೆ ಮಿರಿಮಿರಿ ಮಿಂಚುವ ಒಂದು ಜೀಪ್. ಆಲಿವ್ ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಪಕ್ಕದಲ್ಲಿ ಜೆರ್ರಿ ಕ್ಯಾನು, ತಲೆ ಮೇಲೆ ಎಲ್‌ಇಡಿ ಬಾರು, ಹಿಂದೆ ಮೊಣಕೈ ಉದ್ದದ ಅಕ್ಷರದಲ್ಲಿ 4×4. ಊಟಕ್ಕೆ ಮುಂಚೆ ಅರ್ಧ ಊರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡಿತ್ತು. ಓನರ್ ಹುಡುಗ ಸ್ಟೈಲಾಗಿ ಹತ್ತಿ ಕೂತು ಆಕ್ಸಿಲರೇಟರ್ ಒತ್ತಿದ. ಹಿಂದಿನ ಎಡಗಡೆ ಚಕ್ರವೊಂದು ಗಿರ್ರನೆ ತಿರುಗಿ ಅಲ್ಲಿದ್ದವರ ಪಂಚೆಗೆಲ್ಲ ಕೆಸರು ಹಾರಿಸಿತು. ಉಳಿದ ಮೂರು ಚಕ್ರ ಮಿಸುಕಲಿಲ್ಲ.

"ಫೋರ್ ವೀಲ್ ಹಾಕು ಮೋನೆ," ಅಂತ ಮೇಲಿನಿಂದ ಒಬ್ಬರು ಹಿರಿಯರು ಕೂಗಿದರು. ಹುಡುಗ ಸಣ್ಣ ಲಿವರನ್ನು ಎಳೆದ. ಮತ್ತೆ ಅದೇ ಒಂದು ಚಕ್ರ. ನಾನು ಸುಮ್ಮನಿರಬೇಕಿತ್ತು, ಆದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಬಗ್ಗಿ ನೋಡಿದೆ. ಮುಂದಿನ ಆಕ್ಸಲಿನ ಹೌಸಿಂಗ್ ಇದೆ. ಎಂಜಿನ್ನಿನ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಅಲ್ಲಿಗೆ ಹೋಗಬೇಕಾದ ತಿರುಗುವ ದಂಡ, ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಶಾಫ್ಟ್ ಕೂರುವ ಫ್ಲ್ಯಾಂಜಿಗೂ ಚೆಂದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ. ಕೊನೆಗೆ ತೋಟಕ್ಕೆ ಗೊಬ್ಬರ ಹೊರುವ ಒಂದು ಹಳೆ ಮಹೀಂದ್ರಾ ಎಂಎಂ 540 ಜೀಪು ಬಂದು, ಹಗ್ಗ ಕಟ್ಟಿ, ಹೊಗೆ ಬಿಟ್ಟು ಎಳೆದು ಹಾಕಿತು. ಅದಕ್ಕೆ ಒಂದು ಕಡೆ ಬಾಗಿಲೂ ಇರಲಿಲ್ಲ, ಅದರ ಜೊತೆ ಯಾರೂ ಫೋಟೋವನ್ನೂ ತೆಗೆಸಿಕೊಳ್ಳಲಿಲ್ಲ.

ಬಿಳಿ ನಕ್ಷತ್ರದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಜೀಪುಗಳ ಮೇಲೆ ಇದ್ದ ಗುರುತು ಅದು. ಹುಡುಗನದು ಹೈ ಬಾನೆಟ್ ಜೀಪು, ಅಂದರೆ ಸಿಜೆ-3ಬಿ. ಅಮೆರಿಕದ ವಿಲ್ಲೀಸ್ ಕಂಪನಿ ಅದನ್ನು ಹೊರತಂದದ್ದು 1953ರಲ್ಲಿ. ಯುದ್ಧ ಮುಗಿದದ್ದು 1945ರಲ್ಲಿ. ಯುದ್ಧಕ್ಕೆ ಹೋದದ್ದು ಲೋ ಬಾನೆಟ್. ಹೊಸ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವನ್ನು ಮೇಲೆ ಹೆಡ್ಡಿಗೆ ತಂದರು, ಎಗ್ಸಾಸ್ಟ್ ಕೆಳಗೆ ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯ್ತು, ಅದಕ್ಕೇ ಬಾನೆಟ್ ಏರಿಸಿದರು. ಅದನ್ನೇ ಮಹೀಂದ್ರಾದವರು ಇಲ್ಲಿ ದಶಕಗಟ್ಟಲೆ ಮಾಡಿದರು. ಹಾಗಾಗಿ ಅವನ ಜೀಪು ಹಿಟ್ಲರನನ್ನು ಓಡಿಸಿದ್ದಲ್ಲ, ಹೆಚ್ಚೆಂದರೆ ಯಾರದೋ ತೋಟದಲ್ಲಿ ಹಂದಿ ಓಡಿಸಿರಬಹುದು. ಇರಲಿ, ನಕ್ಷತ್ರಕ್ಕೆ ನನ್ನ ಜಗಳ ಇಲ್ಲ. ಶಾಫ್ಟಿಗೆ ಇದೆ.

ನಮ್ಮ ಮನೆ ಹಿಂದಿನ ಹಳೆ ಪಲ್ಪರ್ ಶೆಡ್ಡಿನಲ್ಲಿ 1967ರ ಒಂದು ಹೈ ಬಾನೆಟ್ ನಿಂತಿರುವುದು, ಪ್ರತಿ ಸಲ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ "ಈ ವರ್ಷ ಹೊರಗೆ ಬರುತ್ತಾ?" ಅಂತ ನೀವೆಲ್ಲ ಗೇಲಿ ಮಾಡುವುದು ಹೊಸದೇನಲ್ಲ. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಬಣ್ಣ ಯಾವಾಗ?" ಬಣ್ಣ ಕೊನೆಗೆ ಮಾರಾಯ್ರೆ. ಈಗ ಅದಕ್ಕೆ ರೆಡ್ ಆಕ್ಸೈಡ್ ಹೊಡೆದಿದ್ದೇನೆ, ಅಷ್ಟು ಸಾಕು. ನನ್ನ ವರ್ಷಗಳೆಲ್ಲ ಹೋಗಿರುವುದು ಯಾರೂ ಬಗ್ಗಿ ನೋಡದ ಜಾಗದಲ್ಲಿ.

ಆ ಜಾಗದಲ್ಲಿ ಇರುವುದೇ ಜೀಪು. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸು. ಅದಕ್ಕೆ ಎರಡು ಸಣ್ಣ ಲಿವರ್: ಒಂದು ಮುಂದಿನ ಆಕ್ಸಲನ್ನು ಜೋಡಿಸಲು, ಇನ್ನೊಂದು ಹೈ-ಲೋ ಬದಲಿಸಲು. ಲೋ ಹಾಕಿದರೆ ಚಕ್ರಕ್ಕೆ ಹೋಗುವ ಎಳೆತ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಕಡಿಮೆ. ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಉಪಾಯ ಇದೆ. ಮುಂದಿನ ಆಕ್ಸಲ್ ಜೋಡಿಸದೆ ಲೋ ಬೀಳುವುದೇ ಇಲ್ಲ, ಒಳಗೇ ಒಂದು ತಡೆ ಇಟ್ಟಿದ್ದಾರೆ. ಅಷ್ಟೊಂದು ಎಳೆತವನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದು, ಎರಡೂ ಹಂಚಿಕೊಳ್ಳಬೇಕು ಅಂತ. ಈಗ ಶಾಫ್ಟ್ ಕಿತ್ತ ಜೀಪಿನಲ್ಲಿ ಏನಾಗುತ್ತದೆ ಯೋಚಿಸಿ. ಎರಡೂ ಲಿವರ್ ಬೀಳುತ್ತವೆ, ಜೋಡಿಸಿದೆ ಅಂತ ಟ್ರಾನ್ಸ್‌ಫರ್ ಕೇಸು ನಂಬುತ್ತದೆ, ಭಾರವೆಲ್ಲ ಹಿಂದಕ್ಕೆ. ಒಂದು ದಿನ ಯಾವುದೋ ಏರಿನಲ್ಲಿ ಹಿಂದಿನ ಆಕ್ಸಲ್ ಶಾಫ್ಟ್ ಟಪ್ ಅಂದರೆ "ಹಳೆ ಗಾಡಿ, ನಂಬಿಕೆ ಇಲ್ಲ" ಅಂತ ಜೀಪಿಗೇ ಬೈಯುತ್ತಾರೆ.

ಏರಿನ ಮಾತು ಬಂತು. ಫೋರ್ ವೀಲ್ ಇರುವುದು ಹತ್ತಲು ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಕೊಡಗಿನಲ್ಲಿ ಅದು ಬೇಕಾಗುವುದು ಇಳಿಯಲು. ಈ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ತೋಡು ದಾಟಿ ಡ್ರಮ್ಮಿಗೆ ನೀರು ಹೋದರೆ ಪೆಡಲ್ ತುಳಿದದ್ದಷ್ಟೇ ಬಂತು, ಗಾಡಿ ನಿಲ್ಲಲ್ಲ. ಸಾಲದ್ದಕ್ಕೆ ಬ್ರೇಕ್ ಆಯಿಲಿನ ಸರ್ಕ್ಯೂಟು ಒಂದೇ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಖಾಲಿ. ಅಂಥ ಗಾಡಿಯಲ್ಲಿ ಮೂಟೆ ಹೇರಿಕೊಂಡು ಪಾಚಿ ಕಟ್ಟಿದ ತೋಟದ ದಾರಿಯಲ್ಲಿ ಕಾಫಿ ಒಣಗಿಸುವ ಕಣಕ್ಕೆ ಇಳಿಯುವಾಗ ಜೀವ ಕಾಯುವುದು ಬ್ರೇಕಲ್ಲ, ಲೋ ಹಾಕಿದ ಫಸ್ಟ್ ಗೇರು. ಎಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದು ನಿಧಾನಕ್ಕೆ ಇಳಿಸುತ್ತದೆ. ಆ ಸಣ್ಣ ಲಿವರನ್ನು ಆಟದ ಸಾಮಾನು ಮಾಡಿಟ್ಟು ಎಲ್‌ಇಡಿ ಬಾರಿಗೆ ಸಾವಿರಾರು ಸುರಿಯುವುದು, ಕೋವಿಯ ಹಿಡಿಗೆ ಬೆಳ್ಳಿ ಕಟ್ಟಿಸಿ ಅದರ ಕುದುರೆ (ಟ್ರಿಗರ್) ಕಿತ್ತು ಬಿಸಾಡಿದ ಹಾಗೆ.

ಒಂದು ವಾದ ಇದೆ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಮೆಂಟಿನಲ್ಲಿ ಬರುತ್ತದೆ. "ಅಣ್ಣಾ, ಅವರ ದುಡ್ಡು, ಅವರ ಗಾಡಿ. ಮಡಿಕೇರಿ ಪೇಟೆ ಸುತ್ತಲು ಫೋರ್ ವೀಲ್ ಯಾಕೆ? ಮುಂದಿನ ಶಾಫ್ಟ್ ತೆಗೆದರೆ ಮೈಲೇಜ್ ಬರುತ್ತದೆ, ಸದ್ದು ಕಡಿಮೆ." ಒಪ್ಪಿದೆ. ಹಬ್ ಲಾಕ್ ಇಲ್ಲದ ಜೀಪಿನಲ್ಲಿ ಟೂ ವೀಲಿನಲ್ಲಿ ಓಡಿಸಿದರೂ ಮುಂದಿನ ಆಕ್ಸಲ್, ಕ್ರೌನ್, ಶಾಫ್ಟ್ ಎಲ್ಲ ಸುಮ್ಮನೆ ಸುತ್ತುತ್ತಲೇ ಇರುತ್ತವೆ. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ತೋಟಗಳಲ್ಲಿ ಇದೇ ಲೆಕ್ಕ ಹಾಕಿ ಶಾಫ್ಟ್ ಬಿಚ್ಚಿ ಮೂಲೆಗಿಟ್ಟರು. ಆದರೆ ಅವರು ಮೂಲೆಗಿಟ್ಟರು, ಗುಜರಿಗೆ ಹಾಕಲಿಲ್ಲ. ಮಳೆಗಾಲ ಬಂದರೆ ಮತ್ತೆ ಕಟ್ಟುತ್ತಿದ್ದರು. ಮೈಲೇಜೇ ಬೇಕಿದ್ದರೆ ಫ್ರೀ ವೀಲಿಂಗ್ ಹಬ್ ಹಾಕಿ, ಕೈಯಲ್ಲಿ ತಿರುಗಿಸಿದರೆ ಬಿಡುತ್ತದೆ, ತಿರುಗಿಸಿದರೆ ಹಿಡಿಯುತ್ತದೆ. ಅದೂ ಬೇಡ, ಪೇಟೆ ಸುತ್ತಿದರೆ ಸಾಕು ಅಂದರೆ ಆಲ್ಟೋ ತಗೊಳ್ಳಿ. ಮಳೆ ಬಂದರೆ ಗ್ಲಾಸಾದರೂ ಏರಿಸಬಹುದು.

"ಬಿಡಿಭಾಗ ಸಿಗಲ್ಲ" ಅನ್ನುವುದಂತೂ ಶುದ್ಧ ಸೋಮಾರಿತನ. ಹರಿಯಾಣದ ಡಬ್ವಾಲಿಯಿಂದ ಹೊಸ ಬಾಡಿ ತರಿಸಲು ಗೊತ್ತು, ಬೇರಿಂಗ್ ಹುಡುಕಲು ಗೊತ್ತಿಲ್ಲ! ಹಳೆ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ನಂಬರ್ ಕೆತ್ತಿರುತ್ತದೆ. ವೀಲ್ ಬೇರಿಂಗಿನ ಕೋನ್ 18590, ಕಪ್ 18520. ಅಂಗಡಿಯಲ್ಲಿ ಜೀಪ್ ಅಂತ ಹೇಳಲೇಬೇಡಿ, ಹೇಳಿದರೆ ರೇಟು ಏರುತ್ತದೆ. ನಂಬರ್ ಹೇಳಿ, ತೆಗೆದು ಕೊಡುತ್ತಾರೆ.

ಮುಂದಿನ ಚಕ್ರದ ಹತ್ತಿರ ದೊಡ್ಡ ಗುಂಡು ಇದೆಯಲ್ಲ, ನಕಲ್, ಅದರ ಸುತ್ತ ಫೆಲ್ಟಿನ ಸೀಲು. ನಮ್ಮ ಕೆಂಪು ಕೆಸರು ಮೊದಲು ತಿನ್ನುವುದೇ ಅದನ್ನು. ಸೀಲು ಹೋದರೆ ಒಳಗೆ ನೀರು, ನೀರು ಹೋದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗಿಗೆ ತುಕ್ಕು, ಆಮೇಲೆ ಸ್ಟೇರಿಂಗ್ ಗಡಗಡ. ನನ್ನ ಜೀಪಿನದನ್ನು ಬಿಚ್ಚಿದಾಗ ಒಳಗಿನಿಂದ ಬಂದದ್ದು ಗ್ರೀಸಲ್ಲ, ಕಾಫಿ ಬಣ್ಣದ ಗಂಜಿ. ಹೊಸ ಬೇರಿಂಗ್ ಹಾಕಿ ಮೇಲೆ ಕೆಳಗೆ ತೆಳು ತಗಡಿನ ಶಿಮ್ ಕೊಟ್ಟು ಬಿಗಿ ಹೊಂದಿಸಬೇಕು. ಹೆಚ್ಚಾದರೆ ಸ್ಟೇರಿಂಗ್ ತಿರುಗಲ್ಲ, ಕಡಿಮೆಯಾದರೆ ಚಕ್ರ ಅಲ್ಲಾಡುತ್ತದೆ. ನಕಲಿನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಎಷ್ಟು ಭಾರಕ್ಕೆ ತಿರುಗುತ್ತದೆ ಅಂತ ನೋಡುವುದು ಕ್ರಮ. ಕಾಫಿ ಹಣ್ಣು ತೂಗುವ ಕೊಕ್ಕೆ ತಕ್ಕಡಿಯನ್ನೇ ತಂದೆ. ನಮ್ಮ ಮೆಕ್ಯಾನಿಕ್ ಕಾಕ ಬಾಯಲ್ಲಿ ಬೀಡಿ ಕಚ್ಚಿಕೊಂಡು ನೋಡುತ್ತಾ, "ಸಾರ್, ನಾನು ಇದನ್ನೆಲ್ಲ ಕೈಯಲ್ಲೇ ಹೇಳ್ತೇನೆ," ಅಂದರು. ಕೈಯಲ್ಲಿ ತಿರುಗಿಸಿ "ಇನ್ನೊಂದು ಶಿಮ್ ತೆಗೀರಿ" ಅಂದರು. ತೆಗೆದು ತಕ್ಕಡಿ ಹಾಕಿದರೆ ಸರಿಯಾಗಿ ಬಂತು. ಆ ಮನುಷ್ಯನ ಕೈಗೆ ಒಂದು ಪದ್ಮಶ್ರೀ ಕೊಡಬೇಕು, ನಮಗೆ ಆ ಅಧಿಕಾರ ಇಲ್ಲ.

ಇದೆಲ್ಲ ಯಾಕೆ ಮಾಡುತ್ತೀಯಾ ಅಂತ ಕೇಳುವವರಿಗೆ ನಾನು ಪರಂಪರೆ, ಇತಿಹಾಸ ಅಂತೆಲ್ಲ ಹೇಳುವುದುಂಟು. ನಿಜ ಬೇರೆ. ಜುಲೈಯಲ್ಲಿ ಮಳೆ ಬಿಡದೆ ಸುರಿಯುವಾಗ, ಕೊಳೆರೋಗಕ್ಕೆ ಕಾಫಿ ಕಾಯಿ ಉದುರುವುದನ್ನು ನೋಡುತ್ತಾ, ಬ್ಯಾಂಕಿನವರ ಫೋನಿಗೆ ಏನು ಹೇಳುವುದು ಅಂತ ಲೆಕ್ಕ ಹಾಕುತ್ತಾ ಜಗಲಿಯಲ್ಲಿ ಕೂರಲು ನನಗೆ ಆಗುವುದಿಲ್ಲ. ಶೆಡ್ಡಿನಲ್ಲಿ ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡಿದರೆ ಸಂಜೆಯೊಳಗೆ ಒಂದಾದರೂ ಸಡಿಲವಾಗುತ್ತದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಆ ಹುಡುಗನ ಜೀಪಿನ ಪೇಂಟ್ ನೋಡಿ ನನಗೆ ಹೊಟ್ಟೆ ಉರಿದದ್ದು ಹೌದು. ಒಂದು ಅಲೆ ಇಲ್ಲ, ಒಂದು ಗುಳ್ಳೆ ಇಲ್ಲ. ಆ ಪೇಂಟರ್ ಯಾರು ಅಂತ ವಿಚಾರಿಸಿಕೊಂಡೇ ಬಂದೆ.

ನಮ್ಮಲ್ಲಿ ಜೀಪು ಅಂದರೆ ಏನು ಅಂತ ನೋಡಬೇಕಿದ್ದರೆ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹೊರುವ ಗಾಡಿಗಳನ್ನು ನೋಡಿ. ಆ ಡ್ರೈವರುಗಳು ಓಡಿಸುವ ವೇಗದ ಬಗ್ಗೆ ನನಗೆ ಬೇರೆಯೇ ಒಂದು ಪೋಸ್ಟಿಗಾಗುವಷ್ಟು ಸಿಟ್ಟಿದೆ. ಆದರೆ ಆ ಗಾಡಿಗಳಲ್ಲಿ ನೆಗ್ಗಿಲ್ಲದ ತಗಡಿಲ್ಲ, ಹಾಗಿದ್ದರೂ ಲಿವರ್ ಹಾಕಿದರೆ ಮುಂದಿನ ಚಕ್ರ ಕಚ್ಚಿ ಹಿಡಿಯುತ್ತದೆ. ಹಿಡಿಯದಿದ್ದರೆ ಅವರಿಗೆ ಅವತ್ತಿನ ಊಟ ಇಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ರಸ್ತೆಯೇ ಇಲ್ಲದಾದದ್ದನ್ನು ನೋಡಿದ ಜನ ನಾವು. ಮತ್ತೆ ಅಂಥ ರಾತ್ರಿ ಬಂದರೆ ಪಕ್ಕದ ಮನೆಯವರು ನನ್ನ ಶೆಡ್ಡಿಗೆ ಬಂದು ಕೇಳುವುದು ಬಾನೆಟ್ಟಿನ ನಕ್ಷತ್ರವನ್ನಲ್ಲ.

ಸರ್ಕಾರದ ವಿಷಯ ಚಿಕ್ಕದಾಗಿ. 2021ರಲ್ಲಿ ಕೇಂದ್ರದವರು ವಿಂಟೇಜ್ ಗಾಡಿಗೆ ಅಂತ ನಿಯಮ ತಂದರು. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಿಸಿರಬಾರದು. 20,000 ರೂಪಾಯಿ ಕಟ್ಟಿದರೆ ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ, ಹತ್ತು ವರ್ಷ ನಡೆಯುತ್ತದೆ. ಸಂತೋಷ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಬಾಡಿಗೆಗೂ ಇಲ್ಲ. ಅಂದರೆ ನಾನು ಇಷ್ಟು ವರ್ಷ ಗುದ್ದಾಡಿ ಲೋ ಗೇರ್ ಬೀಳುವ ಹಾಗೆ ಮಾಡಿದ್ದು ರ‍್ಯಾಲಿಗೆ, ಪ್ರದರ್ಶನಕ್ಕೆ ಒಯ್ದು ನಿಲ್ಲಿಸಲು! ನನಗೆ ಬೇಡ. ಐದೈದು ವರ್ಷಕ್ಕೊಮ್ಮೆ ಮಡಿಕೇರಿಯಲ್ಲಿ ಎಫ್‌ಸಿಗೆ ಸಾಲಿನಲ್ಲಿ ನಿಲ್ಲುತ್ತೇನೆ, ಕೆಎ 12ರ ಬೇರೆ ಬಡಪಾಯಿಗಳ ಜೊತೆ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೆ ಪಂಪಿನ ಡಯಾಫ್ರಂ ಎಷ್ಟು ದಿನ ತಡೆಯುತ್ತದೋ ಅನ್ನುವುದೇ ಒಂದು ಹೊಸ ತಲೆನೋವು, ಅದನ್ನು ಬೇರೆ ದಿನ ಬರೆಯುತ್ತೇನೆ.

ಈಗ ಕೆಲಸದ ಮಾತು. ನನ್ನ ಟ್ರಾನ್ಸ್‌ಫರ್ ಕೇಸಿನ ಇಂಟರ್‌ಮೀಡಿಯೇಟ್ ಶಾಫ್ಟ್ ಸವೆದಿದೆ, ಆಯಿಲ್ ಅಲ್ಲಿಂದಲೇ ತೊಟ್ಟಿಕ್ಕುತ್ತಿದೆ. ಸೋಮವಾರಪೇಟೆ, ಶನಿವಾರಸಂತೆ, ಸಿದ್ದಾಪುರ ಕಡೆ ಯಾರ ತೋಟದ ಶೆಡ್ಡಿನಲ್ಲಾದರೂ ಬಿಚ್ಚಿಟ್ಟ ಒಂದು ಕೇಸಿದ್ದರೆ ದಯವಿಟ್ಟು ಹೇಳಿ, ನಾನೇ ಬಂದು ಒಯ್ಯುತ್ತೇನೆ, ರೇಟಿಗೆ ಜಗಳ ಮಾಡಲ್ಲ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಇದ್ದರೆ ಅದನ್ನೂ ಕೊಡಿ, ಆ ಹುಡುಗನ ವಿಳಾಸ ನನ್ನ ಹತ್ತಿರ ಇದೆ, ನನ್ನ ಖರ್ಚಿನಲ್ಲೇ ತಲುಪಿಸುತ್ತೇನೆ. ಎಲ್‌ಇಡಿ ಬಾರ್ ಮಾರುವವರು ಮಾತ್ರ ಇನ್‌ಬಾಕ್ಸಿಗೆ ಬರಬೇಡಿ.