ಬರಕ್ಕೂ ಒಂದು ಅರ್ಹತಾ ಪರೀಕ್ಷೆ

ಮಳೆ ಕೈಕೊಟ್ಟು ಬೆಳೆ ಒಣಗಿದ ಮಾತ್ರಕ್ಕೆ ಬರ ಬಂದಿತೆಂದು ತಿಳಿಯುವುದು ರೈತರ ಅವಸರದ ಬುದ್ಧಿ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮಳೆಯ ಕೊರತೆಯನ್ನೂ ಒಣಹವೆಯ ವಾರಗಳನ್ನೂ ಮಣ್ಣಿನ ತೇವಾಂಶವನ್ನೂ ಅಳೆದು, ಆಮೇಲೆ ಆಯ್ದ ಹಳ್ಳಿಗಳ ಹೊಲಗಳಿಗೆ ಇಳಿದು, ಒಣಗಿರುವುದು ಒಣಗಿಯೇ ಇದೆಯೆಂದು ಅಧಿಕಾರಿಗಳು ಖಾತ್ರಿಪಡಿಸಿಕೊಂಡ ಮೇಲಷ್ಟೇ ಒಂದು ತಾಲ್ಲೂಕು ಬರಪೀಡಿತವಾಗುತ್ತದೆ. 2023ರಲ್ಲಿ ಕರ್ನಾಟಕದ 195 ತಾಲ್ಲೂಕುಗಳು ಮೊದಲ ಯತ್ನದಲ್ಲೇ ತೇರ್ಗಡೆಯಾದವು. ಪೂರಕ ಪರೀಕ್ಷೆಗಳು ಮುಗಿಯುವಷ್ಟರಲ್ಲಿ 236ರಲ್ಲಿ 223 ಉತ್ತೀರ್ಣವಾಗಿದ್ದವು. ಉಳಿದ 13 ತಾಲ್ಲೂಕುಗಳ ಮುಖಂಡರು ಊರವರಿಗೆ ಹೇಗೆ ಮುಖ ತೋರಿಸಿದರೋ ತಿಳಿಯದು.

ತಾಲ್ಲೂಕು ಪಾಸಾದ ಮೇಲೆ ರೈತನ ಸರದಿ. ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು. ಶೇ 32ಕ್ಕೆ ನಿಂತ ತೊಗರಿಯು ಸರ್ಕಾರದ ದೃಷ್ಟಿಯಲ್ಲಿ ಸಮೃದ್ಧ ಫಸಲು. ಈ ಪರೀಕ್ಷೆಯಲ್ಲೂ ಗೆದ್ದವನಿಗೆ, 2023ರ ದರದಂತೆ, ಮಳೆಯಾಶ್ರಿತ ಬೆಳೆಯಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮ ಹಳ್ಳಿಯ ಲೆಕ್ಕಕ್ಕೆ ಇಳಿಸಿದರೆ ಗುಂಟೆಗೆ 86 ರೂಪಾಯಿ ಆಗುತ್ತದೆ. ಬೀಜ, ಗೊಬ್ಬರ, ಗಳೆ ಹೊಡೆದ ಬಾಡಿಗೆ, ಕಳೆ ತೆಗೆದ ಕೂಲಿ ಎಲ್ಲವನ್ನೂ ಇಷ್ಟರಲ್ಲಿ ತುಂಬಿಕೊಡುವ ಕಲೆಯನ್ನು ಅರ್ಥಶಾಸ್ತ್ರಜ್ಞರು ಅಭ್ಯಸಿಸಬೇಕು.

ಆದರೆ ಹೊಲ ಒಣಗಿದರೂ ದಾಖಲೆ ನಳನಳಿಸುತ್ತಿರಬೇಕು. ಪಹಣಿಯ ಹೆಸರು, ಆಧಾರ್‌ನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಒಂದಕ್ಕೊಂದು ಅಕ್ಷರಶಃ ಹೊಂದಬೇಕು, ಸರ್ಕಾರ ರೈತನಿಗೆ ಕೊಡುವ ಗುರುತಿನ ಸಂಖ್ಯೆಯಾದ ಎಫ್‌ಐಡಿಗೆ ಸರ್ವೆ ನಂಬರುಗಳೆಲ್ಲ ಜೋಡಣೆಯಾಗಿರಬೇಕು. ಪೌತಿ ಖಾತೆ ಆಗದ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗದ, ಜಮೀನಿನಲ್ಲಿ ಬರ ಬಿದ್ದಿರುವುದು ಎಂದೋ ತೀರಿಹೋದ ಅಜ್ಜನಿಗೆ. ಮೊಮ್ಮಗನ ಹಸಿವಿಗೂ ಬರಕ್ಕೂ ದಾಖಲೆಗಳ ಪ್ರಕಾರ ಸಂಬಂಧವಿಲ್ಲ. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಹಿಡಿದು ಬಿತ್ತಿದವನ ಸ್ಥಿತಿ ಇನ್ನೂ ಸೊಗಸು: ಬೆಳೆ ಕಳೆದುಕೊಂಡವನು ಅವನು, ಪರಿಹಾರ ಜಮಾ ಆದ ಸಂದೇಶ ಬರುವುದು ಬೆಂಗಳೂರಿನಲ್ಲಿರುವ ಜಮೀನುದಾರರ ಮೊಬೈಲಿಗೆ. ಅವರಿಗಾದರೂ ಆ ವರ್ಷ ಬರವಿತ್ತೆಂದು ತಿಳಿಯುವುದು ಆಗಲೇ.

ಹಣ ಬರುವ ದಾರಿಯೂ ಸಣ್ಣದಲ್ಲ. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು, ಕಾದು ಸಾಕಾಗಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂದಿತು. ಆ ನಡುವೆ ರಾಜ್ಯ ಸರ್ಕಾರ ಮೊದಲ ಕಂತೆಂದು ತಲಾ 2,000 ರೂಪಾಯಿಯವರೆಗೆ ಹಂಚಿ, ರೈತರು ಎರಡು ಸರ್ಕಾರಗಳ ಜಗಳವನ್ನು ಬರಿಹೊಟ್ಟೆಯಲ್ಲಿ ನೋಡದಂತೆ ಏರ್ಪಾಡು ಮಾಡಿತ್ತು.

ಕೊನೆಗೂ ಹಣ ಖಾತೆಗೆ ಬಿದ್ದಾಗ ಹಲವು ಕಡೆ ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡವು. ಹಾಗೆ ಮಾಡಕೂಡದೆಂದು ಜಿಲ್ಲಾಧಿಕಾರಿಗಳು ಸೂಚನೆ ಹೊರಡಿಸಿದರು. ಆ ಸೂಚನೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಬ್ಯಾಂಕಿಗೆ ಹೋಗುವ ರೈತನು, ತನ್ನ ಹಣವನ್ನು ತನಗೇ ಕೊಡಿರೆಂಬ ಅರ್ಜಿಯೊಂದಿಗೆ ಆಧಾರ್ ಪ್ರತಿ ಮತ್ತು ಈ ವರ್ಷದ ಪಹಣಿಯನ್ನು ಮರೆಯದೆ ಒಯ್ಯುವುದು ಒಳ್ಳೆಯದು.