ಜುಮ್ ಅನ್ನುತ್ತೆ ಸಾರ್, ಅಷ್ಟೇ

ಗೀಸರ್ ಹಾಕಿ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಮರುಕ್ಷಣ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಬಂದ ಹುಡುಗ ಹತ್ತೇ ನಿಮಿಷದಲ್ಲಿ ಕಳ್ಳನನ್ನು ಹಿಡಿದ.

‘ಇದೇ ನೋಡಿ ಸಾರ್ ಪ್ರಾಬ್ಲಮ್ಮು’ ಎಂದು ಬೋರ್ಡಿನಲ್ಲಿದ್ದ ಆರ್‌ಸಿಸಿಬಿಯನ್ನು ಬಿಚ್ಚಿ ನನ್ನ ಕೈಗಿಟ್ಟ. ಅದರ ಜಾಗದಲ್ಲಿ ಎರಡು ತುಂಡು ವೈರ್ ಸೇರಿಸಿದ. ಆಮೇಲೆ ಕರೆಂಟು ಹೋಗಲೇ ಇಲ್ಲ. ಮುನ್ನೂರು ರೂಪಾಯಿ ಕೇಳಿದ. ಚೌಕಾಸಿ ಮಾಡಿ ಇನ್ನೂರೈವತ್ತು ಕೊಟ್ಟೆ. ಆ ವಿಷಯದಲ್ಲಿ ನಾನೂ ಸಾಮಾನ್ಯನಲ್ಲ.

ಆರ್‌ಸಿಸಿಬಿ ಅಂದರೆ ಮನೆಯ ಲೆಕ್ಕದ ಗುಮಾಸ್ತ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಎಂದು ನೋಡುವುದಷ್ಟೇ ಅದರ ಕೆಲಸ. ಮನೆಗಳಿಗೆ ಹಾಕುವುದು 30 ಮಿಲಿಆಂಪ್‌ನದು. ಅಷ್ಟು ಲೆಕ್ಕ ತಪ್ಪಿದರೂ ಅಂಗಡಿ ಬಾಗಿಲು ಹಾಕಿಬಿಡುತ್ತದೆ. ತಪ್ಪಿದ ಆ ಲೆಕ್ಕ ನನ್ನ ಮೈಯೊಳಗಿಂದ ನೆಲಕ್ಕೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ, ಲೋಡು ಮಿತಿಮೀರಿದರೆ ಮಾತ್ರ ಬೀಳುವ 16 ಆಂಪ್‌ನ ಎಂಸಿಬಿ ಸ್ವಿಚ್ಚಿಗೆ ಇದೆಲ್ಲ ಚಿಲ್ಲರೆ ಬಾಬ್ತು. ಅದು ವೈರ್ ಕಾಯುತ್ತದೆ, ನನ್ನನ್ನಲ್ಲ. ಅಂತೂ ಲೆಕ್ಕ ಕೇಳಿದ ಗುಮಾಸ್ತನೇ ಮನೆಗೆ ಹೋದ. ನಮ್ಮ ಕಡೆ ಇದೇನೂ ಹೊಸದಲ್ಲ ಬಿಡಿ.

‘ಅರ್ತಿಂಗ್ ಇದೆಯೇನಪ್ಪಾ?’ ಎಂದೆ. ಸೋರಿದ ಕರೆಂಟನ್ನು ನಮ್ಮ ಮೈ ಬಿಟ್ಟು ನೇರ ನೆಲಕ್ಕೆ ಇಳಿಸುವ ದಾರಿ ಅದು.

‘ಇದೆಯಲ್ಲ ಸಾರ್’ ಎಂದು ಹಸಿರು ವೈರ್ ತೋರಿಸಿದ. ಅದನ್ನು ನೀರಿನ ಪೈಪಿಗೆ ಸುತ್ತಿದ್ದರು. ಪೈಪು ಪ್ಲಾಸ್ಟಿಕ್‌ನದು.

ಮೂರು ಪಿನ್ನಿನಲ್ಲಿ ಒಂದು ಯಾಕೆ ಉದ್ದ, ದಪ್ಪ ಎಂದು ಕೇಳಿದೆ. ‘ಗ್ರಿಪ್ಪಿಗೆ ಸಾರ್.’ ಅರ್ತ್ ಎಲ್ಲಕ್ಕಿಂತ ಮೊದಲು ಕೂಡಲಿ, ಕೊನೆಗೆ ಬಿಡಲಿ ಎಂದು ಹಾಗೆ ಮಾಡಿದ ಪುಣ್ಯಾತ್ಮರು ಇದನ್ನು ಕೇಳಿಸಿಕೊಂಡಿದ್ದರೆ ಅವರಿಗೂ ಜುಮ್ ಅನ್ನುತ್ತಿತ್ತು.

ಹಿಂದೆ ಮೇಸ್ತ್ರಿಯ ಜೊತೆ ಬರುವ ಹುಡುಗ ವರ್ಷಗಟ್ಟಲೆ ಏಣಿಯನ್ನೇ ಹೊರಬೇಕಿತ್ತು. ಟೆಸ್ಟರ್ ಕೈಗೆ ಸಿಗುವಷ್ಟರಲ್ಲಿ ಮೀಸೆ ಬಂದಿರುತ್ತಿತ್ತು. ಉಪ್ಪು, ಇದ್ದಿಲು ತುಂಬಿದ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ಎಂದು ಮನೆಯವರಿಗೆ ಹತ್ತು ಸಲ ಹೇಳಿ ಹೋಗುತ್ತಿದ್ದರು. ಈಗ ಆ ಗುಂಡಿ ಕಾರ್ ಪಾರ್ಕಿಂಗಿನ ಟೈಲ್ಸ್ ಕೆಳಗೆ ಎಲ್ಲೋ ಇದೆ. ಹುಡುಗ ಮೂರು ವಾರ ಏಣಿ ಹೊತ್ತು, ನಾಲ್ಕನೇ ವಾರ ವಿಸಿಟಿಂಗ್ ಕಾರ್ಡ್ ಮಾಡಿಸುತ್ತಾನೆ.

ಕಲಿಸುವುದಿಲ್ಲ ಅಂತಲ್ಲ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ. ಥಿಯರಿ ಪರೀಕ್ಷೆ ಈಗ ಕಂಪ್ಯೂಟರ್ ಮುಂದೆ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಿದರಾಯಿತು, ತಪ್ಪಿಗೆ ನೆಗೆಟಿವ್ ಮಾರ್ಕ್ ಇಲ್ಲ. ಅದು ಗಿರಾಕಿಯ ಬಚ್ಚಲಿನಲ್ಲಿ ಬೀಳುತ್ತದೆ. 2022ರಲ್ಲಿ ರಾಜ್ಯದ 150 ಐಟಿಐಗಳು ಸುಮಾರು 4,700 ಕೋಟಿ ರೂಪಾಯಿಯಲ್ಲಿ ಟೆಕ್ನಾಲಜಿ ಹಬ್ ಆದವು. ರೋಬೋಟ್, ಎಲೆಕ್ಟ್ರಿಕ್ ಗಾಡಿಯ ಪಾಠವೆಲ್ಲ ಬಂತು. ಒಳ್ಳೆಯದೇ. ಆ ರೋಬೋಟಿಗಾದರೂ ಅರ್ತಿಂಗ್ ಸರಿಯಾಗಿ ಕೊಟ್ಟಿರಲಿ.

ಎರಡು ವರ್ಷ ಜಾಸ್ತಿಯಾಯಿತು ಅನ್ನುವವರಿಗೆ 2015ರಿಂದ ಕೌಶಲ ವಿಕಾಸ ಯೋಜನೆ ಇದೆ. ಅದರ ಕಡತಗಳನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು ತೆಗೆದು ನೋಡಿದರು, 2025ರಲ್ಲಿ ವರದಿ ಹೊರಬಂತು. ಎಲ್ಲ ಕಸುಬೂ ಸೇರಿ ನೂರರಲ್ಲಿ 94ಕ್ಕೂ ಹೆಚ್ಚು ಕಲಿಕಾರ್ಥಿಗಳ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸೊನ್ನೆ, ಇಲ್ಲವೇ ಖಾಲಿ, ಇಲ್ಲವೇ ‘ನಲ್’. ಸೊನ್ನೆ ಇರಬೇಕಾದ್ದು ನ್ಯೂಟ್ರಲ್ ವೈರಿನಲ್ಲಿ ಅಲ್ವಾ? ಇನ್ನು ಕೆಲವರ ಖಾತೆ ಸಂಖ್ಯೆ ಉದ್ದಕ್ಕೂ ಒಂದು, ಒಂದು, ಒಂದು. ಒಂದೇ ಫೋಟೋ ಹಲವರ ಮುಖವಾಗಿತ್ತಂತೆ. ಪ್ಯಾರಲಲ್ ಕನೆಕ್ಷನ್ ಚೆನ್ನಾಗಿ ಕಲಿಸಿದ್ದಾರೆ ಅನ್ನಬೇಕು.

ಕಾಗದದಲ್ಲಿ ನಮ್ಮ ಮನೆಯೂ ಭದ್ರವೇ. ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ, ಸೀಲು ಎಲ್ಲ ಇದೆ. ಸಹಿ ಹಾಕಿದವರು ನಮ್ಮ ಮನೆ ನೋಡಿಲ್ಲ. ವೈರ್ ಎಳೆದವರು ಆ ಕಾಗದ ನೋಡಿಲ್ಲ. ನಾನು ಇಬ್ಬರನ್ನೂ ನೋಡಿಲ್ಲ. ಗೋಡೆಗೆ ಟೈಲ್ಸ್ ಆರಿಸಲು ಎಂಟು ಅಂಗಡಿ ಅಲೆದಿದ್ದೆ, ಅದು ಬೇರೆ ಮಾತು.

ಹುಡುಗ ಚೀಲ ಕಟ್ಟಿಕೊಂಡು ಹೊರಟ.

‘ನಲ್ಲಿ ಈಗಲೂ ಜುಮ್ ಅನ್ನುತ್ತಲ್ಲಪ್ಪಾ!’

‘ಸ್ವಲ್ಪ ಅನ್ನುತ್ತೆ ಸಾರ್, ಅಷ್ಟೇ. ಕರೆಂಟಂತೂ ಹೋಗಲ್ಲ. ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ.’

‘ನಿಮ್ಮ ಮನೆಯಲ್ಲೂ ಹಾಗೇನಾ?’

ಗೇಟಿನ ಹತ್ತಿರ ನಿಂತು ನಕ್ಕ. ‘ನಮ್ಮ ಮನೇಲಿ ಗೀಸರ್ ಇಲ್ಲ ಸಾರ್. ಹಂಡೆ ಒಲೆ. ಕರೆಂಟ್ ಅಂದ್ರೆ ನಮ್ಮಮ್ಮಂಗೆ ಭಯ.’