ಸಾಪಾದಲ್ಲಿ ನಮ್ಮ ಹಿಂದೆ ನಡೆದು ಬರುವ ಹೆಂಗಸರ ಬಗ್ಗೆ

ವಿಯೆಟ್ನಾಮಿಗೆ ಹೋಗಿ ಬಂದ ಗೆಳೆಯರೆಲ್ಲ ಸಾಪಾದ ಬಗ್ಗೆ ಒಂದೇ ಎಚ್ಚರಿಕೆ ಕೊಡುತ್ತಾರೆ. ಅಲ್ಲಿ ಬುಡಕಟ್ಟಿನ ಹೆಂಗಸರು ಬೆನ್ನು ಹತ್ತುತ್ತಾರೆ, ಮಾತಿಗೆ ಸಿಕ್ಕಿದರೆ ಕೊನೆಯಲ್ಲಿ ನಾವು ಏನಾದರೊಂದು ಕೊಳ್ಳುವ ತನಕ ಬಿಡುವುದಿಲ್ಲ, ಆದ್ದರಿಂದ ಮುಖ ಎತ್ತಿ ನೋಡಬೇಡಿ ಎಂಬುದು ಆ ಎಚ್ಚರಿಕೆ. ಹನೋಯ್‌ನಲ್ಲಿ ನಮಗೆ ಪ್ರವಾಸ ಗೊತ್ತು ಮಾಡಿಕೊಟ್ಟ ಕಚೇರಿಯವರೂ ಇದನ್ನೇ ಹೇಳಿದ್ದರು. ಕಳೆದ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಅಲ್ಲಿ ಮೂರು ದಿನ ಇದ್ದು ಬಂದ ಮೇಲೆ, ಈ ಮಾತು ತಪ್ಪು ಮತ್ತು ಅನ್ಯಾಯದ್ದು ಎಂದು ನನಗೆ ಖಚಿತವಾಗಿದೆ.

ಸಾಪಾ ಇರುವುದು ವಿಯೆಟ್ನಾಮಿನ ವಾಯವ್ಯದಲ್ಲಿ, ಚೀನಾದ ಗಡಿಗೆ ಅಂಟಿಕೊಂಡ ಲಾವೊ ಕಾಯ್ ಪ್ರಾಂತ್ಯದಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ. ಫ್ರೆಂಚರು ಬಯಲಿನ ಸೆಕೆ ತಾಳಲಾರದೆ ಮಾಡಿಕೊಂಡ ಗಿರಿಧಾಮ ಇದು. ಅವರ ಕಾಲದ ಕಲ್ಲಿನ ಚರ್ಚು ಊರಿನ ನಡುವೆ ಇನ್ನೂ ಇದೆ. ಸುತ್ತಲಿನ ಕಣಿವೆಗಳಲ್ಲಿ ಹ್ಮಾಂಗ್, ಕೆಂಪು ದಾವೊ, ತಾಯ್, ಜಾಯ್ ಜನರ ಹಳ್ಳಿಗಳಿವೆ. ವಿಯೆಟ್ನಾಂ ಸರ್ಕಾರ ಗುರುತಿಸಿರುವ 54 ಜನಾಂಗಗಳಲ್ಲಿ ಇವರು ಸೇರುತ್ತಾರೆ. ಆದರೆ ಪೇಟೆಯ ದೊಡ್ಡ ಹೋಟೆಲುಗಳು ಹೆಚ್ಚಾಗಿ ಬಹುಸಂಖ್ಯಾತ ಕಿನ್ಹ್ ಜನರ ಮತ್ತು ಹೊರಗಿನ ಬಂಡವಾಳದವರ ಕೈಯಲ್ಲಿವೆ. 2014ರಲ್ಲಿ ಹನೋಯ್‌ನಿಂದ ಲಾವೊ ಕಾಯ್‌ವರೆಗೆ ಹೆದ್ದಾರಿಯಾದ ಮೇಲೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕಾಗಿದ್ದ ದಾರಿ ಐದಾರು ಗಂಟೆಯ ಬಸ್ಸಿನ ದಾರಿಯಾಯಿತು, 2016ರಲ್ಲಿ 3,147 ಮೀಟರಿನ ಫಾನ್ಸಿಪಾನ್ ಶಿಖರದ ಹತ್ತಿರಕ್ಕೆ ರೋಪ್‌ವೇ ಬಂತು, ಜನ ಮುಗಿಬಿದ್ದರು.

ನಾವು ನಡೆದದ್ದು ಮುವಾಂಗ್ ಹೋವಾ ಕಣಿವೆಯಲ್ಲಿ, ಲಾವ್ ಚಾಯ್ ದಾಟಿ ತಾ ವಾನ್‌ವರೆಗೆ. ಗದ್ದೆಗಳಿಗೆ ನೀರು ತುಂಬಿಸಿ ನಾಟಿ ಮಾಡುವ ಕಾಲ. ಕಚೇರಿ ಕಳಿಸಿದ್ದ ಗೈಡ್ ಹುಡುಗ ಹತ್ತು ಜನರ ಗುಂಪನ್ನು ಕಟ್ಟಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ. ಬೆನ್ನಿಗೆ ಬುಟ್ಟಿ ಹೊತ್ತ ಒಬ್ಬ ಹ್ಮಾಂಗ್ ಹೆಂಗಸು, ನಲವತ್ತರ ಆಸುಪಾಸಿನವರು, ಪೇಟೆಯ ಅಂಚಿನಿಂದಲೇ ಅಮ್ಮನ ಪಕ್ಕಕ್ಕೆ ಬಂದರು. ಹಿಂದಿನ ರಾತ್ರಿಯ ಮಳೆಗೆ ಇಳಿಜಾರಿನ ಮಣ್ಣು ಬೆಣ್ಣೆಯಾಗಿತ್ತು. ಅರವತ್ತನಾಲ್ಕರ ಅಮ್ಮ ಜಾರುವ ಜಾಗ ಬಂದಾಗಲೆಲ್ಲ ಆಕೆ ಒಂದು ಹೆಜ್ಜೆ ಕೆಳಗಿಳಿದು, ತನ್ನ ಗಂಬೂಟನ್ನು ಮಣ್ಣಿಗೆ ಅಡ್ಡಲಾಗಿ ಊರಿ, ಅದರ ಮೇಲೆ ಕಾಲಿಡುವಂತೆ ಅಮ್ಮನಿಗೆ ಸನ್ನೆ ಮಾಡುತ್ತಿದ್ದರು. "ಸಾಕು ತಂಗಿ, ನಾನೇ ಇಳೀತೀನಿ" ಎಂದು ಅಮ್ಮ ಕನ್ನಡದಲ್ಲೇ ಹೇಳುತ್ತಿದ್ದರು, ಕಾಲನ್ನು ಮಾತ್ರ ಆ ಬೂಟಿನ ಮೇಲೆಯೇ ಇಡುತ್ತಿದ್ದರು.

ಅಮ್ಮ ತೀರ್ಥಹಳ್ಳಿ ಕಡೆಯವರು, ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದವರು. ಸೀಳಿದ ಬಿದಿರಿನಲ್ಲಿ ಗುಡ್ಡದ ನೀರು ಗದ್ದೆಗೆ ಇಳಿಯುವುದನ್ನು ಕಂಡು, "ನಮ್ಮಲ್ಲಿ ಅಡಿಕೆ ದಬ್ಬೆ, ಇಲ್ಲಿ ಬಿದಿರು, ಅಷ್ಟೇ" ಎಂದರು. ಒಂದು ಬುಡಕ್ಕೆ ಎಷ್ಟು ಸಸಿ ಊರುತ್ತೀರಿ ಎಂದು ಬೆರಳಿನಲ್ಲೇ ಕೇಳಿದರು. ಆಕೆ ಮೂರು ಬೆರಳೆತ್ತಿದರು. ಚಳಿಯ ಕಾರಣಕ್ಕೆ ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಆ ಒಂದು ಕೊಯ್ಲು ಮನೆಯವರಿಗೆಲ್ಲ ಸಾಲದೆ ಹೋದಾಗ ಕೈಗೆ ನಾಲ್ಕು ಕಾಸು ತರುವುದು ಈ ನಡಿಗೆಯೇ.

ತಾ ವಾನ್ ತಲುಪಿದ ಮೇಲೆ ಆಕೆ ಬುಟ್ಟಿಯಿಂದ ಕಸೂತಿಯ ಚೀಲ ತೆಗೆದು ಎರಡು ಲಕ್ಷ ದೋಂಗ್, ಅಂದರೆ ಸುಮಾರು 650 ರೂಪಾಯಿ, ಎಂದರು. ಗುಂಪಿನಲ್ಲಿದ್ದ ಒಬ್ಬರು ಇದು ಯಂತ್ರದಲ್ಲಿ ಹೊಲಿದದ್ದು, ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ನನ್ನನ್ನು ತಡೆದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾಲ್ಕು ಗಂಟೆ ನನ್ನ ತಾಯಿಯನ್ನು ಬೀಳದಂತೆ ಕಾಪಾಡಿದ್ದಕ್ಕೆ ಆಕೆ ಕೂಲಿಯನ್ನು ಇನ್ನು ಯಾವ ರೂಪದಲ್ಲಿ ಕೇಳಬೇಕಿತ್ತು? ನಾವು ಹನೋಯ್‌ನಲ್ಲಿ ಕಟ್ಟಿದ್ದ ಹಣದಲ್ಲಿ ಆಕೆಗೆ ಒಂದು ದೋಂಗ್ ಕೂಡ ಇರಲಿಲ್ಲ. ವಿದೇಶಿ ಪ್ರವಾಸಿಗರನ್ನು ಕರೆದೊಯ್ಯುವ ಗೈಡ್ ಪರವಾನಗಿಗೆ ಅಲ್ಲಿ ಕಾಲೇಜು ಓದು ಬೇಕು; ಪ್ರವಾಸಿಗರ ಬಾಯಿಂದಲೇ ಇಂಗ್ಲಿಷ್ ಕಲಿತ, ಶಾಲೆಯ ವಿಯೆಟ್ನಾಮಿ ಭಾಷೆ ದಕ್ಕದ ಈ ತಲೆಮಾರಿನ ಹ್ಮಾಂಗ್ ಹೆಂಗಸರಿಗೆ ಅದು ಎಲ್ಲಿಂದ ಬರಬೇಕು? ಕಣಿವೆಯ ಒಂದೊಂದು ಬದುವನ್ನೂ ಬಲ್ಲವರು ತಮ್ಮ ದುಡಿಮೆಗೆ ಬೆಲೆ ಹೇಳುವಂತಿಲ್ಲ, ಅದಕ್ಕೇ ಚೀಲಕ್ಕೆ ಹೇಳುತ್ತಾರೆ. ರೋಪ್‌ವೇ ಟಿಕೆಟ್ಟಿಗೆ ಚೌಕಾಸಿ ಮಾಡದ ನಾವು ಈ ಚೀಲಕ್ಕೆ ಮಾಡುತ್ತೇವೆ, ಅದು ನನಗೆ ಬಹಳ ನೋವಿನ ಸಂಗತಿ.

ನಿಜವಾದ ಹ್ಮಾಂಗ್ ಬಟ್ಟೆ ಏನೆಂದು ಆಕೆಯ ಮನೆಯಲ್ಲಿ ನೋಡಿದೆವು. ಹೊಲದಲ್ಲಿ ಸೆಣಬಿನಂತೆ ನಾರು ಕೊಡುವ ಹೆಂಪ್ ಗಿಡ ಬೆಳೆದು, ಸಿಪ್ಪೆ ಸುಲಿದು, ಎಳೆಗೆ ಎಳೆ ಸೇರಿಸಿ ನೂತು, ಬೂದಿಯ ನೀರಿನಲ್ಲಿ ಬೇಯಿಸಿ, ನೇಯ್ದು, ಜೇನುಮೇಣದಲ್ಲಿ ಚಿತ್ತಾರ ಬರೆದು, ನೀಲಿಯ ಪೀಪಾಯಿಯಲ್ಲಿ ವಾರಗಟ್ಟಲೆ ಅದ್ದಿ ಒಣಗಿಸುತ್ತಾರೆ. ಆಕೆಯ ಉಗುರಿನ ಸಂದುಗಳೆಲ್ಲ ನೀಲಿಯಾಗಿದ್ದವು. ಅಮ್ಮ ಒಂದು ಹೊಸ ತುಂಡನ್ನು ಮುಟ್ಟಿದ್ದಕ್ಕೆ ಅವರ ಬೆರಳ ತುದಿಗಳಿಗೂ ಆ ಬಣ್ಣ ಹತ್ತಿತು. ತಿಂಗಳುಗಳ ಈ ದುಡಿಮೆಯನ್ನು 650 ರೂಪಾಯಿಗೆ ಕೊಡಿ ಎಂದು ಕೇಳುವ ಹಕ್ಕು ನಮಗಿಲ್ಲ.

ಮಕ್ಕಳ ವಿಷಯ ಬೇರೆ. ಚರ್ಚಿನ ಮುಂದೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ದಾರದ ಬಳೆ ಮಾರುವ ಪುಟ್ಟ ಹುಡುಗಿಯರಿಂದ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಅಲ್ಲಿನ ಆಡಳಿತವೂ ಇದನ್ನೇ ಕೇಳಿಕೊಳ್ಳುತ್ತದೆ. ಮಗು ಹೆಚ್ಚು ಸಂಪಾದಿಸಿದಷ್ಟೂ ಅದನ್ನು ಶಾಲೆಗೆ ಕಳಿಸಲು ಮನಸ್ಸು ಬಾರದು. ಕೊಳ್ಳುವುದಿದ್ದರೆ ತಾಯಂದಿರಿಂದ ಕೊಳ್ಳಿ.

ಎರಡನೆಯ ದಿನ ನಾವು ಗುಂಪನ್ನು ಬಿಟ್ಟು, ತಾ ವಾನ್‌ನಲ್ಲೇ ಒಂದು ಮನೆಯಲ್ಲಿ ಉಳಿದು, ಆಕೆಯನ್ನೇ ದಾರಿ ತೋರಿಸಲು ಕೇಳಿಕೊಂಡೆವು. ದಿನಕ್ಕೆ ಎಷ್ಟು ಎಂದು ಬೆಳಿಗ್ಗೆಯೇ ಮಾತಾಡಿ, ಅರ್ಧ ಹಣ ಮೊದಲೇ ಕೊಟ್ಟೆವು. ಆಕೆ ಅದನ್ನು ಎರಡು ಸಲ ಎಣಿಸಿ ಸೊಂಟದ ಪಟ್ಟಿಯೊಳಗೆ ಇಟ್ಟುಕೊಂಡರು. ಅಂದು ಸಂಜೆಯವರೆಗೂ ಬೆನ್ನಿನ ಬುಟ್ಟಿಯಲ್ಲಿದ್ದ ಚೀಲಗಳ ಮಾತೇ ಬರಲಿಲ್ಲ. ಅಮ್ಮನಿಗೆ ಕೈ ಕೊಡಬೇಕಾದ ಇಳಿಜಾರುಗಳನ್ನು ಬಿಟ್ಟರೆ, ದಾರಿಯುದ್ದಕ್ಕೂ ಆಕೆ ನಾರಿನ ಎಳೆಗಳನ್ನು ಬೆರಳಲ್ಲಿ ಹೊಸೆದು ಒಂದಕ್ಕೊಂದು ಸೇರಿಸುತ್ತಾ, ಅಂಗೈಗೆ ಸುತ್ತಿಕೊಳ್ಳುತ್ತಾ ನಡೆದರು.